ಮಡಿ ಸೈಕಲ್, ಮೈಲಿಗೆ ಸೈಕಲ್, ನನ್ನ ಸೈಕಲ್

ಅಂದು ಖಂಡೇನವಮಿ. ಎದ್ದವಳು ಹಾಲು ಕಾಯಿಸಿ, ಸ್ನಾನ ಮುಗಿಸಿ, ತಲೆಗೆ ಸುತ್ತಿದ ಟವೆಲ್ಲನ್ನೂ ಬಿಚ್ಚದೆ ಚಟ್ನಿ ರುಬ್ಬಲು ನಿಂತೆ. ಅವಸರಕ್ಕೆ ಕಾರಣವಿತ್ತು. ನವರಾತ್ರಿಗೆಂದು ಬಾಗಲಕೋಟೆಯಿಂದ ಬಂದಿದ್ದ ನಮ್ಮ ಅತ್ತೆ ಹಿಂದಿನ ದಿನವೇ ಹೇಳಿಟ್ಟಿದ್ದರು.

“ಹೆಚ್ಚೂದು, ರುಬ್ಬೂದು ಎಲ್ಲಾ ಪೂಜಾಕಿಂತ ಮೊದ್ಲ ಮುಗಿಸ್ಕೊಂಡ್ಬಿಡು. ಹೂವು ಏರಿಸಿದ ಮ್ಯಾಲೆ ನಾಳೆ ಯಾವ ಆಯುಧಾನೂ ಮುಟ್ಟಂಗಿಲ್ಲ. ಅವಕ್ಕೂ ವರ್ಷದಾಗ ಒಂದಿನ ರಜಾ ಬ್ಯಾಡೇನು?”

ಈಳಿಗೆಗೂ ರಜೆ ಕೊಡುವ ಮನೆಯಲ್ಲಿ ನನ್ನ ರಜೆ ಯಾವಾಗ ಎಂದು ಕೇಳಬೇಕೆನಿಸಿತು. ಆದರೆ ಕಾನ್ವೆಂಟಿನ ಸಿಸ್ಟರುಗಳು ಹಿರಿಯರಿಗೆ ಎದುರಾಡಬಾರದೆಂದು ಕಲಿಸಿದ್ದು ಇಂಥ ಹೊತ್ತಿನಲ್ಲೇ ನೆನಪಾಗುತ್ತದೆ. ಸುಮ್ಮನೆ ಬೀನ್ಸ್, ಆಲೂಗಡ್ಡೆ, ಶುಂಠಿ ಎಲ್ಲ ಹೆಚ್ಚಿಟ್ಟು, ಈಳಿಗೆ, ಚಾಕು, ಕತ್ತರಿ, ಹೊಲಿಗೆ ಮಷೀನು, ಮಿಕ್ಸರು, ಸ್ಕ್ರೂಡ್ರೈವರು, ಮೈದುನನ ಲ್ಯಾಪ್‌ಟಾಪು, ಎಲ್ಲಕ್ಕೂ ಕುಂಕುಮ ಹಚ್ಚಿ ಹೂವೇರಿಸಿದೆ. ಆಮೇಲೆ ಪೂಜೆಯ ತಟ್ಟೆ ಹಿಡಿದು ಬಿಲ್ಡಿಂಗಿನ ಕೆಳಗಿನ ಪಾರ್ಕಿಂಗಿಗೆ ಇಳಿದೆ. ಮನೆಯಲ್ಲಿ ಇನ್ನೂ ಯಾರೂ ಎದ್ದಿರಲಿಲ್ಲ. ಎದ್ದಿದ್ದವರು ಅತ್ತೆ ಒಬ್ಬರೇ, ಅವರು ಜಪದಲ್ಲಿದ್ದರು.

ಪುಣೆಯ ಕೊಂಢವಾ ಬಡಾವಣೆಯ ಆ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಸ್ಕೂಟರಿನ ಪಕ್ಕಕ್ಕೆ ನಮ್ಮ ಮನೆಯ ಮೂರು ಸೈಕಲ್ಲುಗಳಿದ್ದವು. ಒಂದು ನಮ್ಮವರದು: ಆಡಿನ ಕೊಂಬಿನಂತೆ ಕೆಳಗೆ ಬಾಗಿದ ಹ್ಯಾಂಡಲ್ಲಿನ, ಹೆಬ್ಬೆರಳಷ್ಟೇ ದಪ್ಪ ಟೈರಿನ, ಡಾಂಬರು ರಸ್ತೆಯ ಮೇಲಷ್ಟೇ ಓಡುವ ರೋಡ್ ಬೈಕ್. ಇನ್ನೊಂದು ಮೈದುನನದು: ಕಲ್ಲುಮುಳ್ಳಿನ ಗುಡ್ಡ ಹತ್ತಿಳಿಯುವ ಮೌಂಟನ್ ಬೈಕ್, ಟೈರು ಮೊಸಳೆಯ ಬೆನ್ನಿನ ಹಾಗೆ. ಮೈದುನ ಹಿಂಜವಾಡಿಯ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದ, ನಮ್ಮೊಂದಿಗೇ ಇದ್ದ. ಮೂರನೆಯದು ನನ್ನದು: ಕಪ್ಪು ಬಣ್ಣದ ಲೇಡೀಸ್ ಸೈಕಲ್, ಮುಂದೆ ತಂತಿಯ ಬುಟ್ಟಿ, ಹಿಂದಿನ ಚಕ್ರಕ್ಕೆ ಸೀರೆ ಸಿಗದಂತೆ ಜಾಳಿಗೆ, ಚೈನಿಗೆ ತಗಡಿನ ಕವಚ. ನಿಜ ಹೇಳಬೇಕೆಂದರೆ ಅದರ ಮೇಲೆ ನಾನು ಕೂತು ಎರಡು ಮಳೆಗಾಲ ಕಳೆದಿದ್ದವು. ನೆಲ ಒರೆಸುವ ಅರಿವೆಯನ್ನು ಒಣಗಿಸಲು ಅದರ ಹ್ಯಾಂಡಲ್ ಬಹಳ ಅನುಕೂಲವಾಗಿತ್ತು.

ಈ ಮೂರರಲ್ಲಿ ಒಂದು ಹೋಗಬೇಕಾಗಿತ್ತು. ಒಂದು ಫ್ಲ್ಯಾಟಿಗೆ ಎರಡೇ ಸೈಕಲ್, ಮೂರನೆಯದನ್ನು ದಸರೆ ಮುಗಿದ ಮೇಲೆ ಪಾರ್ಕಿಂಗಿನಿಂದ ತೆಗೆಯಬೇಕೆಂದು ಸೊಸಾಯ್ಟಿಯವರು ಹೇಳಿದ್ದರು. ಯಾವುದು ಹೋಗಬೇಕೆಂಬ ಬಗ್ಗೆ ನಮ್ಮ ಮನೆಯಲ್ಲಿ ಚರ್ಚೆಯೇ ಆಗಲಿಲ್ಲ. ಅಣ್ಣ ತಮ್ಮ ಇಬ್ಬರೂ ಒಟ್ಟಿಗೇ ನನ್ನ ಸೈಕಲ್ಲಿನ ಕಡೆ ಕೈ ತೋರಿಸಿದರು. ಸೈಕಲ್ಲಿನ ವಿಷಯದಲ್ಲಿ ಅವರಿಬ್ಬರೂ ಒಪ್ಪಿಕೊಂಡ ಮಾತು ಅದೊಂದೇ.

“ಭಂಗಾರಕ್ಕ ಹಾಕಿದ್ರಾತು,” ಅಂದರು ನಮ್ಮವರು.

ಈ ಶಬ್ದಕ್ಕೂ ನನಗೂ ಹಳೆಯ ವೈರ. ತೊಂಬತ್ತರ ದಶಕದ ಶುರುವಿನಲ್ಲಿ ಮದುವೆಯಾಗಿ ಪುಣೆಗೆ ಬಂದ ಹೊಸತರಲ್ಲಿ, ಒಂದು ಮಧ್ಯಾಹ್ನ ಕೆಳಗೆ ಗಾಡಿ ತಳ್ಳಿಕೊಂಡು ಒಬ್ಬಾತ “ಭಂಗಾ...ರ” ಎಂದು ಕೂಗುತ್ತ ಹೋದ. ಬಂಗಾರವನ್ನು ಬೀದಿಯಲ್ಲಿ ತಳ್ಳುಗಾಡಿಯ ಮೇಲೆ ಮಾರುವಷ್ಟು ಈ ಊರು ಶ್ರೀಮಂತವೇ ಎಂದು ನಾನು ಬೆರಗಾಗಿ, ತೂಕದಲ್ಲಿ ಮೋಸ ಮಾಡುವವನಿರಬೇಕೆಂಬ ಗುಮಾನಿಯನ್ನೂ ಇಟ್ಟುಕೊಂಡು, ಗ್ಯಾಲರಿಯಿಂದ ಬಗ್ಗಿ ನೋಡಿದೆ. ಗಾಡಿಯಲ್ಲಿ ಹಳೆ ಬಕೆಟ್ಟು, ಮುರಿದ ಫ್ಯಾನು ಇದ್ದವು. ಮರಾಠಿಯಲ್ಲಿ ಭಂಗಾರವೆಂದರೆ ಗುಜರಿ ಎಂದು ಸಂಜೆ ನಮ್ಮವರು ತಿಳಿಸಿಕೊಟ್ಟರು. ತಿಳಿಸಿಕೊಟ್ಟು ಆಫೀಸಿನಲ್ಲೂ ಹೇಳಿದರು. ಒಂದು ವರ್ಷದವರೆಗೆ ಅವರ ಆಫೀಸಿನವರು ಮನೆಗೆ ಬಂದರೆ ಮೊದಲು ನನ್ನ ಕೈಯ ಬಳೆ ನೋಡಿ ನಗುತ್ತಿದ್ದರು.

ಆಗ ಪುಣೆ ಸೈಕಲ್ಲುಗಳ ಊರು. ಬೆಳಿಗ್ಗೆ ಕಾರ್ಖಾನೆಯ ಹೊತ್ತಿಗೆ ರಸ್ತೆಗೆ ರಸ್ತೆಯೇ ಗಂಟೆ ಬಾರಿಸುತ್ತ ಹರಿಯುತ್ತಿತ್ತು. ಬಸ್ಸಿಗೆ ಕಾಯುವುದು ತಪ್ಪಲಿ ಎಂದು ನಮ್ಮವರೇ ನನಗೆ ಈ ಸೈಕಲ್ ಕೊಡಿಸಿದ್ದರು. ಮಂಡಈ ಎಂಬ ತರಕಾರಿ ಪೇಟೆಗೆ ಹೋಗಿ ಮೆಂತ್ಯೆ, ಸಬ್ಬಸಿಗೆ ತಂದದ್ದು ಇದರ ಮೇಲೇ. ಆಮೇಲೆ ಎಲ್ಲರ ಮನೆಗೂ ಸ್ಕೂಟರು ಬಂತು, ಸೈಕಲ್ಲುಗಳು ನಾಚಿಕೊಂಡು ಮೆಟ್ಟಿಲ ಕೆಳಗೆ ಸರಿದವು. ಹತ್ತು ಹನ್ನೆರಡು ವರ್ಷ ಕಳೆದು ತಿರುಗಿ ಬಂದವು ನೋಡಿ, ಹೆಲ್ಮೆಟ್ಟು, ಕೈಗವಸು, ಕಪ್ಪು ಕನ್ನಡಕದ ಜೊತೆಗೆ. ಹೋಗುವಾಗ ಸೈಕಲ್ಲಾಗಿ ಹೋದದ್ದು ಬರುವಾಗ ಸ್ಪೋರ್ಟ್ ಆಗಿ ಬಂತು.

ಬಂದದ್ದು ಒಂದೇ ಧರ್ಮವಾಗಿ ಬಂದಿದ್ದರೆ ನನಗೆ ತೊಂದರೆ ಇರಲಿಲ್ಲ. ಎರಡು ಪಂಥವಾಗಿ ಬಂತು. ಎರಡೂ ನಮ್ಮ ಮನೆಗೇ ಬಂದವು.

ನಮ್ಮವರದು ಮಡಿಯ ಪಂಥ. ಅವರ ಸೈಕಲ್ಲನ್ನು ಯಾರೂ ಮುಟ್ಟಬಾರದು. ಅದನ್ನು ಒರೆಸಲು ಬೇರೆಯೇ ಒಂದು ಹಳೆಯ ಧೋತರದ ತುಂಡು. ದಾರಿಯಲ್ಲಿ ಕೆಸರು ಕಂಡರೆ ಇಳಿದು, ಸೈಕಲ್ಲನ್ನು ಕೂಸಿನ ಹಾಗೆ ಎತ್ತಿಕೊಂಡು ದಾಟುತ್ತಾರೆ. ಮೈಗಂಟಿದ ಆ ಚಡ್ಡಿ ಅಂಗಿಯನ್ನು ಬೇರೆ ಬಟ್ಟೆಯ ಜೊತೆ ನೆನೆಸಬಾರದು, ಹಿಂಡಬಾರದು, ನೆರಳಿನಲ್ಲಿ ಯಾರಿಗೂ ತಾಗದಂತೆ ಒಣಹಾಕಬೇಕು. ಬಾಗಲಕೋಟೆಯಲ್ಲಿ ಅತ್ತೆ ಕೋಲಿನಿಂದ ಎತ್ತಿ ಗಳುವಿಗೆ ಹಾಕುವ ಮಡಿ ಸೀರೆಗೂ ಇಷ್ಟು ಕಟ್ಟಳೆಯಿಲ್ಲ. ಆಹಾರ ಉತ್ತತ್ತಿ ಮತ್ತು ಅರ್ಧ ಬಾಳೆಹಣ್ಣು. ಪೂರ್ತಿ ಬಾಳೆಹಣ್ಣು ತಿಂದರೆ ಭಾರವಾಗುತ್ತದಂತೆ. ತೂಕವೇ ಆ ಪಂಥದ ಮುಖ್ಯ ಪಾಪ. ಸೈಕಲ್ಲಿನ ಗಂಟೆಯನ್ನೂ ಸ್ಟ್ಯಾಂಡನ್ನೂ ಬಿಚ್ಚಿ ತೆಗೆದು, ಎಷ್ಟು ಗ್ರಾಂ ಉಳಿಯಿತೆಂದು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದ್ದರು. ಅದೇ ಹೊತ್ತಿಗೆ ಅವರ ಹೊಟ್ಟೆಯಲ್ಲಿ ಬಿಚ್ಚಿ ತೆಗೆಯಬಹುದಾದದ್ದು ಎಷ್ಟಿದೆ ಎಂದು ನಾನು ಮನಸ್ಸಿನಲ್ಲೇ ತೂಗುತ್ತಿದ್ದೆ.

ದಾರಿಯಲ್ಲಿ ಇನ್ನೊಬ್ಬ ಸೈಕಲ್ಲಿನವ ಎದುರಾದರೆ ಮೊದಲು ಅವನ ಟೈರು ನೋಡುತ್ತಾರೆ. ತೆಳ್ಳಗಿದ್ದರೆ ಗದ್ದವನ್ನು ತುಸು ಎತ್ತಿ ನಮಸ್ಕಾರ, ಇಲ್ಲದಿದ್ದರೆ ಅದೂ ಇಲ್ಲ. ಹೋಗುವುದೂ ಸಾಲಾಗಿ, ಒಬ್ಬರ ಹಿಂದೊಬ್ಬರು. ಮುಂದಿನವನು ಗಾಳಿಯನ್ನೆಲ್ಲ ತಾನೇ ತಿಂದು ಹಿಂದಿನವರಿಗೆ ದಾರಿ ಹಗುರ ಮಾಡಿಕೊಡುತ್ತಾನಂತೆ. ಮದುವೆ ಮುಂಜಿಗೆ ಹೋಗುವಾಗ ನಮ್ಮವರು ಯಾವಾಗಲೂ ನನ್ನನ್ನು ಬಿಟ್ಟು ನಾಲ್ಕು ಹೆಜ್ಜೆ ಮುಂದೆ ನಡೆಯುವುದು ನನಗೆ ಗಾಳಿ ತಾಗದಿರಲೆಂದೇ ಇರಬೇಕೆಂದು ಅಂದಿನಿಂದ ಸಮಾಧಾನ ತಂದುಕೊಂಡಿದ್ದೇನೆ.

ಮೈದುನನದು ಮೈಲಿಗೆಯ ಪಂಥ. ಅಲ್ಲಿ ಮಣ್ಣೇ ವಿಭೂತಿ. ಒಮ್ಮೆ ಅವನ ಸೈಕಲ್ಲನ್ನು ಪಾಪ ಎಂದು ಸೋಪಿನ ಪುಡಿ ಹಾಕಿ ತೊಳೆದಿಟ್ಟೆ. ಸಂಜೆ ಬಂದವನು ಬಹಳ ಹೊತ್ತು ಅದರ ಮುಂದೆ ನಿಂತು, “ವೈನಿ, ಮೂರು ಗುಡ್ಡದ ಮಣ್ಣಿತ್ರೀ ಅದರಾಗ,” ಅಂದ. ಯಾರದೋ ಚಿತಾಭಸ್ಮವನ್ನು ಮೋರಿಗೆ ಸುರಿದವಳ ಹಾಗೆ ನಾನು ನಿಂತೆ. ಅವನ ಗೆಳೆಯರು ಬಂದರೆ ನೆಲದ ಮೇಲೇ ಕೂರುತ್ತಾರೆ, ಕೈ ತೊಳೆಯದೆ ಮಿರ್ಚಿಭಜಿ ತಿನ್ನುತ್ತಾರೆ, ದಾರಿಯಲ್ಲಿ ಕುರಿ ಕಾಯುವವನು ಸಿಕ್ಕರೂ ನಿಂತು ಚಹಾ ಕುಡಿಯುತ್ತಾರೆ. ಅವರು ಪರಿಚಯ ಮಾಡಿಕೊಳ್ಳುವುದು ಹೆಸರಿನಿಂದಲ್ಲ, ಗಾಯದಿಂದ. “ಇದು ಎಲ್ಲಿದು?” “ಸಿಂಹಗಡದ ಹಿಂದಿಂದು.” “ಭಾರೀ ಅದ ಬಿಡು.” ಊಟದ ಹೊತ್ತಿಗೆ ಪ್ಯಾಂಟು ಏರಿಸಿ ಮೊಣಕಾಲು ತೋರಿಸಬೇಡಿರೆಂದು ನಾನು ಎಷ್ಟು ನಯವಾಗಿ ಹೇಳಿದರೂ ಕೇಳುತ್ತಿರಲಿಲ್ಲ.

ನಮ್ಮವರ ಪಂಥದಲ್ಲಿ ಹತ್ತುವುದೇ ಪುಣ್ಯ, ಇಳಿಯುವುದು ಬರೀ ಮನೆಗೆ ಬರುವ ದಾರಿ. ಮೈದುನನ ಪಂಥದಲ್ಲಿ ಹತ್ತುವುದು ಪ್ರಾಯಶ್ಚಿತ್ತ, ಇಳಿಯುವುದೇ ಪ್ರಸಾದ. ರಾತ್ರಿ ಊಟಕ್ಕೆ ಕೂತರೆ ಇದೇ ಜಗಳ.

“ನಿಂದು ಸೈಕಲ್ ಅಲ್ಲೋ, ಟ್ರ್ಯಾಕ್ಟರ್.”

“ನಿಂದು ಸೈಕಲ್ ಅಲ್ಲಣ್ಣಾ, ಶ್ಯಾವಿಗಿ. ಒಂದು ಹಳ್ಳು ಅಡ್ಡ ಬಂದ್ರ ಮುರೀತದ.”

“ದೇವರು ರಸ್ತೆ ಕೊಟ್ಟಾನ. ಅದನ್ನ ಬಿಟ್ಟು ಕಂಟ್ಯಾಗ ಹೋಗಿ ಬೀಳೂದಕ್ಕ ಆಟ ಅಂತಾರೇನು?”

“ಲಾರಿ ಹೊಗಿ ಕುಡ್ಕೋತ ಬಗ್ಗಿ ಹೋಗೂದಕ್ಕ ಅಂತಾರೇನು?”

ಕಡೆಗೆ, ಇಬ್ಬರಿಗೂ ರಜೆಯಿದ್ದ ಈ ಖಂಡೇನವಮಿಯ ದಿನ ತೀರ್ಮಾನವಾಗಿಬಿಡಲಿ ಎಂದು ಗೊತ್ತು ಮಾಡಿಕೊಂಡಿದ್ದರು. ನಮ್ಮ ಬಿಲ್ಡಿಂಗಿನ ಗ್ಯಾಲರಿಗಳಿಂದ ಕಾಣುವಷ್ಟು ದೂರಕ್ಕೆ ಒಂದು ಗುಡ್ಡ, ತುದಿಯಲ್ಲಿ ದೇವಿಯ ಗುಡಿ. ಒಂದು ಮಗ್ಗುಲಿಗೆ ಸುತ್ತುತ್ತ ಹೋಗುವ ಡಾಂಬರು ರಸ್ತೆ, ಇನ್ನೊಂದು ಮಗ್ಗುಲಿಗೆ ನೇರ ಏರುವ ಕಾಲುದಾರಿ. ಅಣ್ಣ ರಸ್ತೆಯಿಂದ, ತಮ್ಮ ಕಾಲುದಾರಿಯಿಂದ ಹೊರಟು, ಯಾರು ಮೊದಲು ಗುಡಿ ಮುಟ್ಟುತ್ತಾರೋ ಅವರ ಪಂಥ ದೊಡ್ಡದು.

ಇದು ಗೊತ್ತಿದ್ದೇ ನಾನು ಅಷ್ಟು ಬೆಳಿಗ್ಗೆ ಪಾರ್ಕಿಂಗಿಗೆ ಇಳಿದದ್ದು. ಅವರು ಹೊರಡುವ ಮೊದಲೇ ಪೂಜೆ ಮಾಡಿಟ್ಟರೆ ಇಬ್ಬರೂ ಕೈಕಾಲು ಮುರಿದುಕೊಳ್ಳದೆ ಬರುತ್ತಾರೆಂದು. ಎರಡೂ ಸೈಕಲ್ಲಿಗೆ, ಸ್ಕೂಟರಿಗೆ ನೀರು ಚಿಮುಕಿಸಿ, ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ. ನಮ್ಮವರ ಟೈರು ಎಷ್ಟು ತೆಳ್ಳಗೆಂದರೆ ನಿಂಬೆಹಣ್ಣಿನ ಮೇಲಿಂದ ಜಾರಿ ಪಕ್ಕಕ್ಕೆ ಬೀಳುತ್ತಿತ್ತು. ಹುಡುಕಿ ಒಂದು ಕಾಯಿ ನಿಂಬೆ ಇಟ್ಟೆ.

ನನ್ನ ಸೈಕಲ್ಲಿನ ಮುಂದೆ ಬಂದಾಗ ತಟ್ಟೆಯಲ್ಲಿ ಇನ್ನೂ ಒಂದು ಮಾಲೆ ಉಳಿದಿತ್ತು. ಹಾಕಲಿಲ್ಲ. ಗುಜರಿಗೆ ಹೋಗುವುದಕ್ಕೆ ಪೂಜೆ ಯಾಕೆ ಎಂದು ಮುನಿಸು. ಯಾರ ಮೇಲೆ ಮುನಿಸೆಂದು ಕೇಳಿದರೆ ಹೇಳುವುದು ಕಷ್ಟ, ನೋಡುವವರು ಯಾರೂ ಇರಲಿಲ್ಲ. ನೆಲದ ಅರಿವೆಯನ್ನು ಮಾತ್ರ ಅದರ ಮೇಲಿಂದ ತೆಗೆದು, ಮಾಲೆಯನ್ನು ವಾಪಸು ತಂದು ಫ್ರಿಜ್ಜಿಗೆ ಏರಿಸಿದೆ.

ಉಪ್ಪಿಟ್ಟು ಮುಗಿಸಿ, ಅಣ್ಣತಮ್ಮಂದಿರು ತಂತಮ್ಮ ವೇಷದಲ್ಲಿ ಕೆಳಗೆ ಇಳಿದರು. ನಾನು ಗುಡಿಗೆ ಒಯ್ಯುವ ಕಾಯಿಯ ಚೀಲ ಹಿಡಿದು ಹಿಂದೆ. ಪೂಜೆ ಹೇಗೆ ಮಾಡಿದ್ದೇನೆಂದು ನೋಡಲು ಅತ್ತೆಯೂ ಇಳಿದು ಬಂದರು.

“ಎಲ್ಲಿಗಪಾ ಸೋಂಗ ಹಾಕ್ಕೊಂಡು?”

“ಗುಡ್ಡಕ್ಕವ್ವಾ. ಸೈಕಲ್ ತಗೊಂಡು.”

“ಹೂವು ಏರಿಸಿದ್ದು ಕಾಣಸಂಗಿಲ್ಲೇನು?”

“ಅವ್ವಾ, ಇದೇನು ಆಯುಧ ಅಲ್ಲ. ಸೈಕಲ್.”

“ಆಯುಧ ಅಲ್ದಿದ್ರ ನಿನ್ನ ಹೆಂಡ್ತಿ ಕುಂಕುಮಾ ಯಾಕ ಹಚ್ಯಾಳ?”

ಮೂವರೂ ನನ್ನ ಕಡೆ ತಿರುಗಿದರು. ಈಳಿಗೆ, ಮಿಕ್ಸರಿಗೆ ಅನ್ವಯಿಸಿದ ನಿಯಮ ಗಾಲಿಗಳಿಗೂ ಅನ್ವಯಿಸುತ್ತದೆಂದು ನನಗೆ ಹೊಳೆದೇ ಇರಲಿಲ್ಲ. ಚಾಕುವಿಗೆ ಒಂದು ನ್ಯಾಯ, ಚಕ್ರಕ್ಕೆ ಒಂದು ನ್ಯಾಯ ಎಂದು ನನ್ನಷ್ಟಕ್ಕೆ ನಾನೇ ಶಾಸ್ತ್ರ ಬರೆದುಕೊಂಡಿದ್ದೆ.

“ನಮ್ಮ ತವರಾಗ ಪೂಜಾ ಆದ ಮ್ಯಾಲೆ ನಿಂಬಿಹಣ್ಣು ದಾಟಿಸಿ ಒಂದು ಸುತ್ತು ಹೊಡೀತಿದ್ರರೀ,” ಅಂದೆ.

“ನಿಮ್ಮ ತವರಾಗ ಹೊಡೀಲಿ ಬಿಡವಾ. ನಮ್ಮ ಮನ್ಯಾಗ ಹಂಗಿಲ್ಲ. ತಕ್ಕಡಿಗೆ ಹೂವು ಏರಿಸಿದ ಮ್ಯಾಲೆ ರಾಜಾ ಬಂದು ಕೇಳಿದ್ರೂ ನಿಮ್ಮ ಮಾವನವರು ಪಾವಕಿಲೋ ಸಕ್ರಿ ತೂಗ್ತಿದ್ದಿಲ್ಲ. ನಾಳಿಗೆ ಬರ್ರಿ ಅಂತಿದ್ರು.” ಮಾವನವರದು ಕಿರಾಣಿ ಅಂಗಡಿಯಾಗಿತ್ತು. ಆ ಅಂಗಡಿಯ ತಕ್ಕಡಿಯ ಮಾತು ಬಂದರೆ ನಮ್ಮ ಮನೆಯಲ್ಲಿ ಅಲ್ಲಿಗೆ ವಾದ ಮುಗಿದ ಹಾಗೆ.

“ಸ್ಕೂಟರ್ ಮ್ಯಾಲಾದ್ರೂ ಹೋಗಿ ಬರೋಣೇನು?” ಅಂದ ಮೈದುನ.

“ಅದಕ್ಕೂ ಹಚ್ಚೇನಿ,” ಅಂದೆ ಸಣ್ಣಗೆ.

“ಇನ್ನ ಏನಾರ ಬಿಟ್ಟೀಯೋ, ಅಥವಾ ನನಗೂ ಹಚ್ಚತೀಯೋ?” ಅಂದರು ನಮ್ಮವರು.

ಮೈದುನನ ಕಣ್ಣು ಆಗ ಮೂಲೆಗೆ ಹೋಯಿತು. “ವೈನಿ, ಅದಕ್ಕ ಹಚ್ಚಿಲ್ಲೇನ್ರಿ?”

“ಇಲ್ಲ. ಭಂಗಾರಕ್ಕ ಹೋಗೂದಕ್ಕ ಯಾರು ಪೂಜಾ ಮಾಡ್ತಾರ?”

ಬೆಳಗಿನಿಂದ ಹರಿತ ಮಾಡಿಟ್ಟುಕೊಂಡ ಚುಚ್ಚುಮಾತು ಅದು. ಯಾರಿಗೂ ಚುಚ್ಚಲಿಲ್ಲ. ಹೂವೇರಿಸದ ಸೈಕಲ್ ಒಂದು ಉಳಿದಿದೆ ಎಂಬುದಷ್ಟೇ ಅವರಿಗೆ ಕೇಳಿಸಿದ್ದು. ಅತ್ತೆಯನ್ನು ಕೇಳಿದರೆ, “ಅದರ ಮ್ಯಾಲೆ ಹೋಗ್ರಿ, ಅದಕ್ಕೇನು,” ಅಂದುಬಿಟ್ಟರು. ಒಬ್ಬರಾದ ಮೇಲೊಬ್ಬರು ಅದರ ಮೇಲೇ ಗುಡ್ಡ ಹತ್ತುವುದು, ನಾನು ಪಂಚಾಯ್ತಿ ಮಾಡುವುದು ಎಂದು ಠರಾವಾಯಿತು.

ಗಾಳಿ ತುಂಬಲು ಹೋದರೆ ಇಬ್ಬರ ಭಾರೀ ಪಂಪುಗಳೂ ಅದರ ವಾಲ್ವಿಗೆ ಹೊಂದಲಿಲ್ಲ. ವಾಚ್‌ಮನ್ನನ ಪಂಪು ತರಬೇಕಾಯಿತು. ನಮ್ಮವರ ಬೂಟಿನ ತಳದಲ್ಲಿ ಅವರ ಪೆಡಲ್ಲಿಗೆ ಕಚ್ಚಿಕೊಳ್ಳುವ ಒಂದು ಕೊಂಡಿ ಇದೆ, ಅದು ನನ್ನ ಪೆಡಲ್ಲಿನ ಮೇಲೆ ಜಾರತೊಡಗಿತು. ಮತ್ತೆ ಮೇಲೆ ಹೋಗಿ ಕೊಲ್ಹಾಪುರಿ ಚಪ್ಪಲಿ ಹಾಕಿಕೊಂಡು ಬಂದರು. ಮೈಗಂಟಿದ ಚಡ್ಡಿ, ಹಾವಿನ ಹೆಡೆಯಂಥ ಹೆಲ್ಮೆಟ್ಟು, ಕಾಲಲ್ಲಿ ಕರಕರ ಕೊಲ್ಹಾಪುರಿ.

ಗುಡ್ಡದ ಬುಡದವರೆಗೆ ನಡೆದು ಹೋದೆವು. ಮೊದಲ ಸರದಿ ಅಣ್ಣನದು. ಅವರು ರಸ್ತೆಗೆ ಹೋದರು, ನಾನೂ ಮೈದುನನೂ ಕಾಲುದಾರಿ ಹಿಡಿದೆವು. ಅರ್ಧ ಏರಿದರೆ ಅಲ್ಲಿಂದ ರಸ್ತೆಯ ತಿರುವುಗಳೆಲ್ಲ ಕಾಣುತ್ತವೆ. ರೂಢಿಯಂತೆ ಅವರು ಬಗ್ಗಿ ಓಡಿಸಲು ನೋಡುತ್ತಿದ್ದರು. ಆದರೆ ನನ್ನ ಹ್ಯಾಂಡಲ್ಲು ಎತ್ತರದ್ದು, ಸೀಟು ತಗ್ಗು. ಮೊಣಕಾಲು ಮೊಣಕೈಗೆ ಬಡಿಯುತ್ತ, ಎದುರು ಬರುವವರಿಗೆಲ್ಲ ನಮಸ್ಕಾರ ಮಾಡಿಕೊಂಡು ಹೋಗುವವರ ಹಾಗೆ ಕಾಣುತ್ತಿದ್ದರು. ನವಮಿಯಾದ್ದರಿಂದ ರಸ್ತೆಯ ತುಂಬ ದೇವಿಗೆ ಹೊರಟ ಹೆಂಗಸರು. ಎರಡನೇ ತಿರುವಿನಲ್ಲಿ ಒಂಬತ್ತು ಗಜದ ನೌವಾರಿ ಸೀರೆಯ ಒಬ್ಬ ಅಜ್ಜಿ ಕೈ ಅಡ್ಡ ಮಾಡಿ ನಿಲ್ಲಿಸಿ ಏನೋ ಹೇಳಿ, ತನ್ನ ತೆಂಗಿನಕಾಯಿ ಚೀಲವನ್ನು ಬುಟ್ಟಿಯಲ್ಲಿಟ್ಟಳು. ಅವಳನ್ನು ನೋಡಿ ಇನ್ನೊಬ್ಬಳು. ಮತ್ತೊಬ್ಬಳು ನೀರಿನ ಡಬ್ಬಿ ನೇತುಹಾಕಿದಳು. ಗಂಟೆಯ ಗ್ರಾಂ ಲೆಕ್ಕ ಹಾಕಿದ ಮನುಷ್ಯ ಬೇಡವೆನ್ನಲಾರದೆ ನಿಂತಿದ್ದರು. ಬುಟ್ಟಿ ಇರುವ ಸೈಕಲ್ಲಿಗೆ ಬೇಡ ಎನ್ನುವ ಹಕ್ಕಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು.

ಕಡೆಗೆ ಗುಡಿಗೆ ಬಂದರು, ಸೈಕಲ್ಲನ್ನು ತಳ್ಳಿಕೊಂಡು, ಸುತ್ತಲೂ ಅಜ್ಜಿಯಂದಿರ ಮೆರವಣಿಗೆಯೊಂದಿಗೆ.

“ಗಾಳಿ ಭಾಳ ಇತ್ತು,” ಅಂದರು.

ಗುಡಿಯ ಬೇವಿನ ಮರದ ಒಂದೆಲೆಯೂ ಅಲುಗುತ್ತಿರಲಿಲ್ಲ.

ಮೈದುನ, ತನ್ನ ಆಟದಲ್ಲಿ ಇಳಿಯುವುದೇ ಮುಖ್ಯ, ಹತ್ತುವುದಲ್ಲ ಎಂದು ಅಲ್ಲೇ ನಿಯಮ ತಿದ್ದಿ, ಕಾಲುದಾರಿಯಿಂದ ಇಳಿಸಿ ತೋರಿಸುತ್ತೇನೆಂದು ಹೊರಟ. ಮೊಣಕೈ ಅಗಲಿಸಿ, ಗರಡಿಯಲ್ಲಿ ಮಣ್ಣು ಮುಟ್ಟಿ ನಿಂತ ಪೈಲವಾನನ ಹಾಗೆ ಪೆಡಲ್ಲಿನ ಮೇಲೆ ನಿಂತ. ನನ್ನ ಸೈಕಲ್ಲಿಗೆ ಕಲ್ಲಿನ ಅಭ್ಯಾಸವಿಲ್ಲ. ಪ್ರತಿ ಕಲ್ಲಿಗೂ ಗಂಟೆ ತಾನೇ ಹೊಡೆದುಕೊಳ್ಳತೊಡಗಿತು. ಏರಿ ಬರುತ್ತಿದ್ದ ಹೆಂಗಸರು ಆರತಿಯೇ ಎದುರು ಬಂತೆಂದು ಪಕ್ಕಕ್ಕೆ ಸರಿದು, ಒಬ್ಬಿಬ್ಬರು ಕೈಮುಗಿದರು. ಗಂಟೆ ನಿಂತಿತು. ಸ್ವಲ್ಪ ಹೊತ್ತಿಗೆ ಕಂಟಿಯೊಳಗಿಂದ ಮೈದುನನ ದನಿ ಬಂತು.

“ಏನಾಗಿಲ್ರಿ ವೈನಿ. ಚೈನ್ ಬಿದ್ದದ.”

ಬಿದ್ದದ್ದು ಚೈನು ಮಾತ್ರವಲ್ಲ. ಕವಚದೊಳಗೆ ಬೆರಳು ಹಾಕಿ ಚೈನು ಏರಿಸುವ ಉಪಾಯ ಅವನಿಗೆ ಗೊತ್ತಿರಲಿಲ್ಲ, ನಾನೇ ಇಳಿದು ಹೋಗಿ ತೆಂಗಿನ ನಾರಿನಿಂದ ಎಳೆದು ಕೂರಿಸಿದೆ. ಅವನ ಮೊಣಕೈ ಸುಲಿದಿತ್ತು. “ಶಾಕ್ ಅಬ್ಸಾರ್ಬರ್ ಇಲ್ರಿ ಇದಕ್ಕ,” ಅಂದ, ಅದು ನನ್ನ ತಪ್ಪು ಎಂಬಂತೆ.

ಈಗ ಪಂಚಾಯ್ತಿ ಹೇಳು ಎಂದು ಇಬ್ಬರೂ ನಿಂತರು. ಕಾನ್ವೆಂಟಿನಲ್ಲಿ ಸೋತವರಿಗೂ ಒಂದು ರಿಬ್ಬನ್ ಕೊಡುತ್ತಿದ್ದರು. ನನ್ನ ಹತ್ತಿರ ರಿಬ್ಬನ್ ಇರಲಿಲ್ಲ, ಇಬ್ಬರಿಗೂ ಒಂದೊಂದು ಹೋಳು ಕೊಬ್ಬರಿ ಕೊಟ್ಟೆ.

ಸೈಕಲ್ಲನ್ನು ಮನೆಗೆ ಒಯ್ಯುವವರು ಯಾರು? ಅಣ್ಣನಿಗೆ ಮೊಣಕಾಲು, ತಮ್ಮನಿಗೆ ಮೊಣಕೈ. “ನಿಂದ ಸೈಕಲ್, ನೀನ ತಗೊಂಡ್ ಬಾ,” ಅಂದರು ನಮ್ಮವರು. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡು ಮಳೆಗಾಲದ ಮೇಲೆ ಹತ್ತಿ ಕೂತೆ. ನಮ್ಮ ಶಾಲೆಯ ಒಬ್ಬ ಸಿಸ್ಟರು ಬಿಳಿಯ ನಿಲುವಂಗಿಯಲ್ಲಿ ಸೈಕಲ್ ಮೇಲೆ ಬರುತ್ತಿದ್ದರು. ಬೆನ್ನು ನೆಟ್ಟಗೆ, ಗದ್ದ ಮೇಲೆ, ಚರ್ಚಿನ ಬೆಂಚಿನ ಮೇಲೆ ಕೂತ ಹಾಗೆ. ಸೈಕಲ್ ಎಂದರೆ ಹಾಗೆಯೇ ಕೂರಬೇಕೆಂದು ನಾನು ಕಲಿತದ್ದು. ಇವತ್ತು ಇವರಿಬ್ಬರಿಗೂ ತೋರಿಸಿಯೇ ಬಿಡುತ್ತೇನೆಂದು ಬೆನ್ನು ನೆಟ್ಟಗೆ ಮಾಡಿದೆ.

ಬೆನ್ನೇನೋ ನೆಟ್ಟಗಿತ್ತು. ಆದರೆ ಇಳಿಜಾರು ಕಂಡೊಡನೆ ಎರಡೂ ಬ್ರೇಕು ಒತ್ತಿದವಳು ಕೊನೆಯವರೆಗೂ ಬಿಡಲಿಲ್ಲ. ಸೈಕಲ್ಲು ಕುಯ್ಯೋ ಎಂದು ಅಳುತ್ತ ಅಂಗುಲ ಅಂಗುಲವಾಗಿ ಇಳಿಯಿತು. ನಡೆದು ಇಳಿಯುವವರೆಲ್ಲ ನನ್ನನ್ನು ದಾಟಿ ಹೋದರು. ಆ ನೌವಾರಿಯ ಅಜ್ಜಿಯೂ ದಾಟಿದಳು. ದಾಟಿದವಳು ನಿಂತು, ಹಿಡಿದುಕೊಳ್ಳಲೇ ಮಗಳೇ ಎಂದು ಮರಾಠಿಯಲ್ಲಿ ಕೇಳಿ, ಬೇಡವೆಂದರೆ ತನ್ನ ಖಾಲಿ ತಟ್ಟೆಯನ್ನು ಬುಟ್ಟಿಯಲ್ಲಿಟ್ಟು ಪಕ್ಕಕ್ಕೆ ನಡೆದಳು.

ಕೆಳಗೆ ಸಪಾಟಾದ ರಸ್ತೆ ಬಂದ ಮೇಲೆ, ಅಜ್ಜಿಯ ತಟ್ಟೆ ಅವಳಿಗೆ ಕೊಟ್ಟ ಮೇಲೆ, ಬ್ರೇಕು ಬಿಟ್ಟೆ. ಮನೆಯವರೆಗೆ ಒಬ್ಬಳೇ. ಮಂಡಈಯಿಂದ ಮೆಂತ್ಯೆಸೊಪ್ಪು ತರುತ್ತಿದ್ದ ದಿನಗಳಲ್ಲೂ ಹೀಗೇ ಬರುತ್ತಿದ್ದೆ, ಯಾರ ಮುಂದೂ ಅಲ್ಲ, ಯಾರ ಹಿಂದೂ ಅಲ್ಲ. ಈ ಸೈಕಲ್ ಬೇಕು, ಗುಜರಿಗೆ ಕೊಡುವುದಿಲ್ಲ ಎಂದು ಮನೆಗೆ ಹೋದ ಕೂಡಲೇ ಹೇಳಿಬಿಡಬೇಕೆಂದು ಹಲ್ಲು ಕಚ್ಚಿಕೊಂಡೆ. ಹೇಳುವ ವಾಕ್ಯವನ್ನೂ ಹೊಂದಿಸಿಕೊಂಡೆ, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ.

ಮನೆಗೆ ಹೋದರೆ ನಮ್ಮವರಿಗೆ ಮೊಣಕಾಲಿಗೆ ಬಿಸಿನೀರು, ಮೈದುನನಿಗೆ ಅರಿಶಿನದ ಪಟ್ಟಿ, ಎಲ್ಲರಿಗೂ ಊಟ. ವಾಕ್ಯ ಹೇಳುವ ಹೊತ್ತಿಗೆ ಸಂಜೆಯಾಯಿತು. ಹೊಂದಿಸಿಕೊಂಡಿದ್ದು ಹೊರಗೆ ಬರುವಾಗ ಬೇರೆಯೇ ಆಗಿ ಬಂತು.

“ಅಲ್ರೀ, ಆ ಸೈಕಲ್ ಕೊಡಲೇಬೇಕೇನು?”

“ನಿಯಮ ಅಂದ್ರ ನಿಯಮ. ಎರಡ ಇಡಬೇಕಂದ್ರ ಎರಡ,” ಅಂದರು ನಮ್ಮವರು, ಕಾಲನ್ನು ದಿಂಬಿನ ಮೇಲಿಟ್ಟುಕೊಂಡು. “ಅದೇನು ಸೈಕಲ್ಲಾ? ಗೇರ್ ಇಲ್ಲ, ಕಬ್ಬಿಣದ ಹೊರಿ. ಓಡಸಾವ್ರು ಯಾರು ಅದನ್ನ?”

“ವೈನಿ, ಮುಂದ ನಿಮಗೊಂದು ಛಲೋ ಮೌಂಟನ್ ಬೈಕ್ ನೋಡೂಣಂತ,” ಅಂದ ಮೈದುನ. ಅಷ್ಟು ಹೊತ್ತಿಗೆ ಪಾರ್ಕಿಂಗಿನಲ್ಲಿ ಜಾಗ ಎಲ್ಲಿಂದ ಬರುತ್ತದೆಂದು ಅವನು ಹೇಳಲಿಲ್ಲ.

ಅತ್ತೆ ದೀಪಕ್ಕೆ ಎಣ್ಣೆ ಹಾಕುತ್ತ ನನ್ನ ಮುಖ ನೋಡಿದರು. ನಾನು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಆಗಲೇ ಕೆಳಗಿನ ಮನೆಯ ಬೆಳಗಾವಿಯ ಕಾಕು ಅರಿಶಿನ ಕುಂಕುಮಕ್ಕೆ ಬಂದದ್ದು. ಸೊಸಾಯ್ಟಿಯ ಸೆಕ್ರೆಟರಿ ಅವರ ಯಜಮಾನರೇ. ಕಾಕು ಕೂತಲ್ಲಿ ಕೂರುವವರಲ್ಲ, ಕುಂಕುಮ ಹಚ್ಚಿಸಿಕೊಂಡು, ಕಡಲೆ ಉಸಳಿಯನ್ನು ನಿಂತೇ ತಿಂದು, ಉಡಿಯ ಅಕ್ಕಿಯನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತ ಬಾಗಿಲಿಗೆ ನಡೆದರು. ನಡುಮನೆಯಲ್ಲಿ ಕಾಲು ಚಾಚಿದ ನಮ್ಮವರನ್ನೂ, ಪಟ್ಟಿ ಕಟ್ಟಿಕೊಂಡ ಮೈದುನನನ್ನೂ ಒಮ್ಮೆ ನೋಡಿ, ಹೊಸ್ತಿಲಲ್ಲಿ ಚಪ್ಪಲಿ ಹುಡುಕುತ್ತ ಅಂದರು:

“ಮುಂಜಾನಿಂದ ನಮ್ಮವರು ಗ್ಯಾಲರ್ಯಾಗ ನಿಂತು ನಿಮ್ಮನ್ನ ನೋಡ್ಲಿಕ್ಕತ್ತಿದ್ರು ನೋಡ್ರಿ. ಮೂರೂ ಮಂದಿ ಆ ಬುಟ್ಟಿ ಸೈಕಲ್ಲ ಹೊಡೀತಾರ, ಅದನ್ನ ಇಟ್ಕೊಳ್ಳಲಿ ಬಿಡು ಅಂದ್ರು. ಆ ಹಾರ ಹಾಕಿ ನಿಲ್ಲಿಸಿದ ಎರಡು ಪೂಜಾದ್ವು ಅಂದ್ರ, ಪಾರ್ಕಿಂಗನ್ಯಾಗ ಧೂಳಿಗೆ ಯಾಕ್ರಿ, ಮ್ಯಾಲೆ ತಂದು ದೇವರ ಖೋಲ್ಯಾಗ ಇಟ್ಕೋರಿ.”